ಉತ್ತರ ಗೊತ್ತಿದ್ದವರು ಕೇಳುವ ಪ್ರಶ್ನೆ

ಖಾನಾಪುರ ಕಡೆಯ ಹಳ್ಳಿಯಿಂದ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೆ ಎರಡನೇ ಪಾಳಿಗೆ ಬರುವ ಗುತ್ತಿಗೆ ಕಾರ್ಮಿಕ. ಮಚ್ಛೆ ದಾಟಿ, ಪೀರನವಾಡಿ ದಾಟಿ, ಗೇಟು ಇನ್ನೊಂದು ಕಿಲೋಮೀಟರ್ ಇದೆ ಅನ್ನುವಾಗ ಬೈಕಿಗೆ ಲಾರಿ ಬಡಿದು ಸಾಯುತ್ತಾನೆ. ಹೆಂಡತಿ ನೌಕರರ ಪರಿಹಾರ ಕಾಯ್ದೆಯಡಿ ಅರ್ಜಿ ಹಾಕುತ್ತಾಳೆ. ಮಾಲೀಕನ ಉತ್ತರ: ಪಾಳಿ ಶುರುವಾಗಿರಲಿಲ್ಲ, ಅವನು ಗೇಟಿನೊಳಗೆ ಕಾಲಿಟ್ಟಿರಲಿಲ್ಲ, ಅಷ್ಟಕ್ಕೂ ಅವನು ನನ್ನ ಆಳಲ್ಲ, ಗುತ್ತಿಗೆದಾರನ ಆಳು.

ಇದು ನಡೆದ ಘಟನೆಯಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಕಾನೂನು ಕಾಲೇಜೊಂದರ ಮೂಟ್ ಕೋರ್ಟಿಗೆ, ಅಂದರೆ ಅಣಕು ನ್ಯಾಯಾಲಯಕ್ಕೆ, ಹೆಣೆದ ಕಲ್ಪಿತ ಪ್ರಕರಣ. ಮೂವರ ಪೀಠದಲ್ಲಿ ನಾನೂ ಒಬ್ಬ. ನಡುವೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು, ಬಲಕ್ಕೆ ಪ್ರಾಧ್ಯಾಪಕರು, ಎಡಕ್ಕೆ ನಾನು. ವರ್ಷಗಟ್ಟಲೆ ನಿಂತು ಬೈಸಿಕೊಂಡವನಿಗೆ ಕೂತು ಕೇಳುವ ಸುಖ ಒಮ್ಮೆ ಸಿಕ್ಕರೆ ನಾಲಿಗೆ ಸುಮ್ಮನಿರುತ್ತದೆಯೇ? ಅರ್ಜಿದಾರಳ ಪರ ನಿಂತ ಹುಡುಗಿ, ಕೆಲಸದ ಜಾಗ ಗೇಟಿಗೇ ಮುಗಿಯುವುದಿಲ್ಲ, ಒಂದಿಷ್ಟು ಹೊರಗೂ ಚಾಚಿಕೊಂಡಿರುತ್ತದೆ ಎಂಬ ತತ್ವವನ್ನು ಚೆನ್ನಾಗಿಯೇ ಕಟ್ಟುತ್ತಿದ್ದಳು. ನಾನು ತಡೆದೆ. ‘ಒಂದು ವೇಳೆ ಆತ ಪೀರನವಾಡಿಯಲ್ಲಿ ಬೈಕು ನಿಲ್ಲಿಸಿ ಹತ್ತು ನಿಮಿಷ ಚಹಾ ಕುಡಿದಿದ್ದರೆ?’

ಹುಡುಗಿ ಒಂದು ಕ್ಷಣ ಹಾಳೆ ತಿರುವಿದಳು. ‘ಆ ಸಂಗತಿ ಪ್ರಕರಣದ ದಾಖಲೆಯಲ್ಲಿಲ್ಲ, ಮೈಲಾರ್ಡ್’ ಅಂದಳು. ನಾನು ಮತ್ತೆ ಕೇಳಿದೆ, ಆಕೆ ಮತ್ತೆ ಅದನ್ನೇ ಹೇಳಿದಳು. ‘ಪ್ರಶ್ನೆಗೆ ಉತ್ತರಿಸುವ ಸಾಮರ್ಥ್ಯ’ ಎಂಬ ಕಾಲಮ್ಮಿನಲ್ಲಿ ನಾನು 20ಕ್ಕೆ 8 ಬರೆದೆ. ಹೊರಗೆ ಬಂದು ಹಾಳೆ ಹೋಲಿಸಿದಾಗ ನಿವೃತ್ತ ನ್ಯಾಯಾಧೀಶರು ಅದೇ ಕಾಲಮ್ಮಿಗೆ 18 ಕೊಟ್ಟಿದ್ದರು. ‘ವಕೀಲ ದಾಖಲೆಯಲ್ಲಿ ಇಲ್ಲದ್ದನ್ನ ಸೇರಸಬಾರದಲ್ರೀ, ಆ ಹುಡುಗಿಗೆ ಅದು ಗೊತ್ತದ. ನಿಮಗ ಗೊತ್ತಿಲ್ಲ’ ಅಂದರು. ಹುಡುಗಿ ಕಾರಿಡಾರಿನಲ್ಲಿ ಸಿಕ್ಕಾಗ ಅವಳದ್ದೂ ಅದೇ ಮಾತು: ‘ಸರ್, ಅಂವ ಚಾ ಕುಡದಿದ್ನೋ ಇಲ್ಲೋ ಪೇಪರಿನ್ಯಾಗ ಇರ್ಲಿಲ್ರಿ. ನಾ ಹೆಂಗ ಹೇಳ್ಲಿ?’

8 ಮತ್ತು 18ರ ನಡುವಿನ ಈ ಅಂತರ ಇಬ್ಬರ ಸ್ವಭಾವದ ವ್ಯತ್ಯಾಸವಷ್ಟೇ ಅಲ್ಲ. ಅಣಕು ನ್ಯಾಯಾಲಯದಲ್ಲಿ ಪೀಠ ಪ್ರಶ್ನೆ ಕೇಳುವುದು ಯಾಕೆ, ಎಷ್ಟು, ಹೇಗೆ ಎಂಬುದರ ಬಗ್ಗೆ ಬಹುಕಾಲದಿಂದ ಜಗಳವಿದೆ. ಜಗಳದ ಬುಡ ಒಂದೇ ಎಂದು ನನಗೆ ಅನ್ನಿಸುತ್ತದೆ. ನಿಜವಾದ ನ್ಯಾಯಾಧೀಶ ಪ್ರಶ್ನೆ ಕೇಳುವುದು ತನಗೆ ತಿಳಿಯದ್ದಕ್ಕೆ. ನಾಳೆ ಅವನು ತೀರ್ಪು ಬರೆಯಬೇಕು, ಬರೆದದ್ದು ಒಂದು ಸಂಸಾರದ ಮೇಲೆ ಬೀಳುತ್ತದೆ. ಮೂಟ್ ಪೀಠದಲ್ಲಿ ಕೂತವನ ಕೈಯಲ್ಲಿ ಬೆಂಚ್ ಮೆಮೋ ಇರುತ್ತದೆ. ಎರಡೂ ಕಡೆಯ ವಾದ, ತೀರ್ಪುಗಳ ಪಟ್ಟಿ, ಕೇಳಬಹುದಾದ ಪ್ರಶ್ನೆ, ನಿರೀಕ್ಷಿತ ಉತ್ತರ ಎಲ್ಲ ಅದರಲ್ಲಿ ಅಚ್ಚಾಗಿರುತ್ತವೆ. ಆ ಹೆಂಡತಿಗೆ ಪರಿಹಾರ ಸಿಗುತ್ತದೋ ಇಲ್ಲವೋ ಅವನಿಗೆ ಸಂಬಂಧವಿಲ್ಲ. ಅವನು ನ್ಯಾಯಾಧೀಶನ ಕೋಟು ತೊಟ್ಟ ಪರೀಕ್ಷಕ.

ಅಣಕೋ, ಮೂಟೋ

ಕನ್ನಡದಲ್ಲಿ ನಾವು ಆರಿಸಿಕೊಂಡ ಪದವೇ ಸ್ವಲ್ಪ ತಮಾಷೆಯದು. ಅಣಕು ಅಂದರೆ ಚೇಷ್ಟೆಯಿಂದ ನಕಲು ಮಾಡುವುದು. ಇಂಗ್ಲಿಷಿನ ‘ಮೂಟ್’ಗೆ ಆ ಚೇಷ್ಟೆಯಿಲ್ಲ, ಹಳೆಯ ಇಂಗ್ಲಿಷಿನಲ್ಲಿ ಅದು ಜನ ಸೇರಿ ವಿಚಾರ ಮಾಡುವ ಕೂಟ. ಪತ್ರಿಕೆಯವರು ‘ಅಣಕು ನ್ಯಾಯಾಲಯ’ ಎಂದು ಬರೆದರೂ ಕಾಲೇಜಿನ ಹುಡುಗರ ಬಾಯಲ್ಲಿ ಇರುವುದು ‘ಮೂಟ್’ ಮಾತ್ರ. ‘ಈ ವರ್ಷ ಎರಡು ಮೂಟ್ ಮಾಡೇನ್ರಿ’ ಅನ್ನುತ್ತಾರೆ.

ಲಂಡನ್ನಿನ ಇನ್ಸ್ ಆಫ್ ಕೋರ್ಟ್‌ಗಳಲ್ಲಿ, ಪುಸ್ತಕ ದುಬಾರಿಯಾಗಿದ್ದ ಮಧ್ಯಯುಗದಲ್ಲಿ, ಕಾನೂನು ಕಲಿಯುವ ದಾರಿಯೇ ಈ ಕೂಟವಾಗಿತ್ತು. ಎಳೆಯರು ಕಾನೂನು ಫ್ರೆಂಚಿನಲ್ಲಿ ಅರ್ಜಿ-ಪ್ರತ್ಯುತ್ತರ ಬಾಯಿಪಾಠ ಒಪ್ಪಿಸುತ್ತಿದ್ದರು, ಅವರಿಗಿಂತ ಹಿರಿಯರು ವಾದಿಸುತ್ತಿದ್ದರು, ‘ಬೆಂಚರ್’ಗಳೆಂಬ ಅತಿ ಹಿರಿಯರು ಪೀಠದಲ್ಲಿ ಕೂರುತ್ತಿದ್ದರು. ಗಮನಿಸಬೇಕಾದ್ದು ಏನೆಂದರೆ, ಆ ಬೆಂಚರ್‌ಗಳ ಮುಖ್ಯ ಕೆಲಸ ನಡುನಡುವೆ ತಡೆದು ಕೇಳುವುದಾಗಿರಲಿಲ್ಲ. ವಾದ ಮುಗಿದ ಮೇಲೆ ಅವರೂ ಸರದಿಯಂತೆ ಅದೇ ಪ್ರಶ್ನೆಯ ಮೇಲೆ ಮಾತಾಡುತ್ತಿದ್ದರು. ಕಿರಿಯರು ಹಿರಿಯರ ವಾದ ಕೇಳಿ ಕಲಿಯುತ್ತಿದ್ದರು. 17ನೇ ಶತಮಾನದ ಇಂಗ್ಲಿಷ್ ಅಂತರ್ಯುದ್ಧದ ಹೊತ್ತಿಗೆ ಈ ಪದ್ಧತಿ ಸೊರಗಿತು.

ಈಗ ನಾವು ಕಾಣುವ ಮೂಟ್ ಅಮೆರಿಕದ ಕಾನೂನು ಶಾಲೆಗಳಿಂದ ಬಂದದ್ದು. ಹಾರ್ವರ್ಡ್‌ನ ಏಮ್ಸ್ ಸ್ಪರ್ಧೆ 1911ರಿಂದ ನಡೆಯುತ್ತಿದೆ. ಅಂತರರಾಷ್ಟ್ರೀಯ ಕಾನೂನಿನ ಜೆಸಪ್ ಸ್ಪರ್ಧೆ 1960ರಲ್ಲಿ ಶುರುವಾಯಿತು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಅದನ್ನು 1999ರಲ್ಲಿ ಮತ್ತು 2013ರಲ್ಲಿ ಗೆದ್ದಿತು. ಗಡಿಯಾರ, ಅಂಕಪಟ್ಟಿ, ಬೆಂಚ್ ಮೆಮೋ, ಸೆಮಿಫೈನಲ್ಲು ಎಲ್ಲವೂ ಸ್ಪರ್ಧೆಯ ಜೊತೆಗೇ ಬಂದವು. ಪ್ರಶ್ನೆಗೆ ಅಂಕ ಬಂದದ್ದೂ ಆಗಲೇ.

ಟಿಳಕವಾಡಿಯಿಂದ ಉದ್ಯಮಬಾಗದವರೆಗೆ

ಬೆಳಗಾವಿಗೆ ಕಾನೂನು ಕಾಲೇಜು ಬಂದದ್ದು 1939ರಲ್ಲಿ. ಅಲ್ಲಿಯವರೆಗೆ ಮುಂಬಯಿ ಪ್ರಾಂತದ ಈ ಕನ್ನಡ ಜಿಲ್ಲೆಗಳ ಹುಡುಗರು ವಕೀಲಿ ಕಲಿಯಲು ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಕರ್ನಾಟಕ ಲಾ ಸೊಸೈಟಿ ಹುಟ್ಟಿ, ಟಿಳಕವಾಡಿಯ ರಾಜಾ ಲಖಮಗೌಡ ಕಾನೂನು ಕಾಲೇಜು ನಿಂತಿತು. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ ಇಲ್ಲಿ ಓದಿದವರು. 2017ರಿಂದ 2022ರವರೆಗೆ ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್ ಕೂಡ. ಅದೇ ಸೊಸೈಟಿ 1979ರಲ್ಲಿ ಉದ್ಯಮಬಾಗದಲ್ಲಿ ಗೋಗಟೆ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಹಾಗಾಗಿ ಮೂರನೇ ರೈಲ್ವೆ ಗೇಟಿನಿಂದ ಆಚೆಯವರಿಗೆ ‘ಲಾ ಸೊಸೈಟಿ’ ಅಂದರೆ ಲೇತು, ಲ್ಯಾಬು, ಕ್ಯಾಂಪಸ್ ಇಂಟರ್‌ವ್ಯೂ! ನಗರದಲ್ಲಿ ಕೆಎಲ್‌ಇಯವರ ಬಿ.ವಿ. ಬೆಲ್ಲದ ಕಾನೂನು ಕಾಲೇಜೂ ಇದೆ. 2009ರಿಂದ ರಾಜ್ಯದ ಬಹುತೇಕ ಕಾನೂನು ಕಾಲೇಜುಗಳಿಗೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ತಾಯಿಮನೆ.

ಭಾರತೀಯ ವಕೀಲರ ಪರಿಷತ್ತಿನ 2008ರ ಶಿಕ್ಷಣ ನಿಯಮಗಳ ಪ್ರಕಾರ ಮೂಟ್ ಕಡ್ಡಾಯ ಪ್ರಾಯೋಗಿಕ ವಿಷಯದ ಭಾಗ. ವರ್ಷದಲ್ಲಿ ಮೂರು ಮೂಟ್, ತಲಾ 10 ಅಂಕ. ಅದರಲ್ಲಿ 5 ಬರವಣಿಗೆಗೆ, 5 ಬಾಯಿಮಾತಿಗೆ. ಈ ಐದರಲ್ಲಿ ಪ್ರಶ್ನೋತ್ತರದ ಪಾಲು ಎಷ್ಟೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಿಳಿ ಅಂಗಿಯ ಮೇಲೆ ಕಪ್ಪು ಟೈ ಬಿಗಿದುಕೊಂಡು ಅರವತ್ತು ಹುಡುಗರು ಸಾಲಾಗಿ ನಿಂತಿರುವಾಗ ಮೇಷ್ಟ್ರು ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಎಸೆದು ‘ನೆಕ್ಸ್ಟ್’ ಅನ್ನುವುದೇ ಹೆಚ್ಚು. ಚರ್ಚೆಯ ಬಿಸಿಯೆಲ್ಲ ಇರುವುದು ಸ್ಪರ್ಧೆಯ ಮೂಟ್‌ಗಳಲ್ಲಿ.

ಬಿಸಿ ಪೀಠದ ಪಕ್ಷ

‘ಪೀಠ ಬಿಸಿ ಇತ್ತು’ ಅಂದರೆ ನ್ಯಾಯಾಧೀಶರು ಮೊದಲ ವಾಕ್ಯ ಮುಗಿಯುವ ಮೊದಲೇ ಮೇಲೆ ಬಿದ್ದರು ಎಂದು ಅರ್ಥ. ಒಂದು ಪಕ್ಷ ಇದೇ ಸರಿ ಅನ್ನುತ್ತದೆ. ಬರೆದದ್ದನ್ನು ಓದಲು ಲಿಖಿತ ವಾದವಿದೆ. ಬಾಯಿವಾದ ಇರುವುದೇ ಪೀಠದ ಅನುಮಾನ ಕಳೆಯಲಿಕ್ಕೆ. ಪ್ರಶ್ನೆಯಿಲ್ಲದ ವಾದ ಭಾಷಣ. ಭಾಷಣಕ್ಕೆ ಬೇರೆ ಸ್ಪರ್ಧೆಗಳಿವೆ.

ಈ ನಂಬಿಕೆಯ ಬೇರು ಅಮೆರಿಕದ ಸುಪ್ರೀಂ ಕೋರ್ಟಿನ ಗಡಿಯಾರದಲ್ಲಿದೆ. ಅಲ್ಲಿ 1849ರಲ್ಲಿ ವಕೀಲರೊಬ್ಬರಿಗೆ ಎರಡು ಗಂಟೆಯ ಮಿತಿ ಬಂತು. 1970ರ ಹೊತ್ತಿಗೆ ಒಂದೊಂದು ಕಡೆಗೆ ಅರ್ಧ ಗಂಟೆ ಮಾತ್ರ ಉಳಿಯಿತು. ಸಮಯ ಕಡಿಮೆಯಾದಷ್ಟೂ ಪ್ರಶ್ನೆ ದಟ್ಟವಾಯಿತು. 1986ರಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ಬಂದ ಮೇಲೆ ಇಡೀ ಪೀಠವೇ ಮಾತಿಗೆ ಬಿತ್ತು ಎಂದು ಬಹುತೇಕ ಎಲ್ಲರೂ ಬರೆಯುತ್ತಾರೆ. ಜೆಸಪ್‌ನಂಥ ಸ್ಪರ್ಧೆಗಳ ಮೂಲಕ ಆ ಶೈಲಿ ನಮ್ಮ ಕಾಲೇಜುಗಳ ಸೆಮಿನಾರ್ ಹಾಲಿಗೂ ಬಂತು.

ಇಲ್ಲಿ ಒಂದು ವಿಚಿತ್ರವಿದೆ. ಜಾನ್ ರಾಬರ್ಟ್ಸ್ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾದ 2005ರಲ್ಲೇ ಪ್ರಕಟವಾದ ಅವರ ಲೇಖನವೊಂದರಲ್ಲಿ 28 ಪ್ರಕರಣಗಳ ಲೆಕ್ಕ ಹಾಕಿದ್ದರು: 24ರಲ್ಲಿ, ಯಾವ ಕಡೆಯ ವಕೀಲರಿಗೆ ಪೀಠ ಹೆಚ್ಚು ಪ್ರಶ್ನೆ ಕೇಳಿತ್ತೋ ಆ ಕಡೆಯೇ ಸೋತಿತ್ತು. ಎಪ್‌ಸ್ಟೀನ್, ಲ್ಯಾಂಡೆಸ್, ಪೋಸ್ನರ್ ಎಂಬ ಮೂವರು ವಿದ್ವಾಂಸರು 2010ರಲ್ಲಿ ಹೆಚ್ಚು ದೊಡ್ಡ ಲೆಕ್ಕ ಮಾಡಿ ಇದನ್ನೇ ಕಂಡರು. ನಿಜವಾದ ಕೋರ್ಟಿನಲ್ಲಿ ಹೆಚ್ಚು ಪ್ರಶ್ನೆ ಅಂದರೆ ಅಪಾಯದ ಗಂಟೆ. ಮೂಟ್‌ನಲ್ಲಿ ತದ್ವಿರುದ್ಧ. ಪ್ರಶ್ನೆ ಬರದಿದ್ದರೆ ಹುಡುಗರು ಕಂಗಾಲಾಗುತ್ತಾರೆ. ಅಂಕ ಗಳಿಸುವ ಕಾಲಮ್ಮೇ ಖಾಲಿ ಉಳಿಯಿತಲ್ಲ! ಹೊರಗೆ ಬಂದು ‘ನಮಗ ಹದಿನೈದು ಪ್ರಶ್ನೆ ಹಾಕಿದ್ರು’ ಎಂದು ಎದೆಯುಬ್ಬಿಸಿ ಹೇಳುವ ತಂಡವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಿಸಿ ಪೀಠ ನಿಜ ಕೋರ್ಟಿನ ತದ್ರೂಪು ಅನ್ನುವ ಪಕ್ಷಕ್ಕೆ ಇದಕ್ಕಿಂತ ದೊಡ್ಡ ತೊಡಕಿಲ್ಲ: ರೂಪ ಅದೇ, ಅರ್ಥ ಮಾತ್ರ ತಿರುಗುಮುರುಗು.

ಆಡಲು ಬಿಡಿ ಎನ್ನುವವರು

ಇವರ ವಾದಕ್ಕೆ ನಮ್ಮ ನೆಲದ ಬಲವಿದೆ. ಭಾರತದ ಕೋರ್ಟುಗಳು ಕೇಳುವ ಕೋರ್ಟುಗಳು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರಿನ ಪ್ರಕರಣವನ್ನು 13 ನ್ಯಾಯಮೂರ್ತಿಗಳು 1972ರ ಅಕ್ಟೋಬರ್ ಕೊನೆಯಿಂದ 1973ರ ಮಾರ್ಚ್‌ವರೆಗೆ 68 ದಿನ ಕೇಳಿದರು. 2019ರ ಅಯೋಧ್ಯೆ ವಿಚಾರಣೆ 40 ದಿನ ನಡೆಯಿತು. ಅಂಥ ನಾಡಿನ ಹುಡುಗನಿಗೆ ಹನ್ನೆರಡು ನಿಮಿಷ ಕೊಟ್ಟು, ಅದರಲ್ಲೂ ಮೊದಲ ನಿಮಿಷದಲ್ಲೇ ಬಾಯಿ ಮುಚ್ಚಿಸುವುದು ಯಾವ ಕೋರ್ಟಿನ ಅಣಕು ಎಂದು ಇವರು ಕೇಳುತ್ತಾರೆ. ಹೈಕೋರ್ಟಿನ ಧಾರವಾಡ ಪೀಠದಲ್ಲೋ ಬೆಳಗಾವಿಯ ಜಿಲ್ಲಾ ಕೋರ್ಟಿನಲ್ಲೋ ನಾಳೆ ಅವನು ನಿಲ್ಲುವಾಗ ನ್ಯಾಯಾಧೀಶರ ಮುಂದೆ ನೂರು ಫೈಲಿರುತ್ತವೆ. ಅಲ್ಲಿ ಬೇಕಾದ ಕಲೆ ಚಕಮಕಿ ಉತ್ತರದ್ದಲ್ಲ, ಫೈಲು ತೆರೆಯುವಷ್ಟರಲ್ಲಿ ಪ್ರಕರಣದ ತಿರುಳನ್ನು ಎರಡೇ ಮಾತಿನಲ್ಲಿ ಮುಂದಿಡುವುದು.

ಅಮೆರಿಕದಲ್ಲೂ ಈ ಪಕ್ಷಕ್ಕೆ ಒಬ್ಬ ದೊಡ್ಡ ಸಾಕ್ಷಿಯಿದ್ದಾರೆ. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ 2006ರಿಂದ 2016ರವರೆಗೆ ಹತ್ತು ವರ್ಷ ವಕೀಲರಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವಕೀಲರನ್ನು ಮಾತಾಡಲು ಬಿಡಬೇಕು ಎನ್ನುವುದು ಅವರ ನಿಲುವು. 2020ರ ಮೇ ತಿಂಗಳಲ್ಲಿ ಕೊರೋನಾ ಸೋಂಕಿನ ಕಾರಣ ವಿಚಾರಣೆ ಫೋನಿನಲ್ಲಿ ನಡೆದು, ಹಿರಿತನದ ಪ್ರಕಾರ ಒಬ್ಬೊಬ್ಬರಾಗಿ ಕೇಳುವ ಪದ್ಧತಿ ಬಂದೊಡನೆ ಅವರು ಕೇಳತೊಡಗಿದರು. ಮೌನ ಅವರ ಸ್ವಭಾವಕ್ಕಿಂತ ಹೆಚ್ಚಾಗಿ ಗದ್ದಲಕ್ಕೆ ಅವರ ಉತ್ತರವಾಗಿತ್ತು. ಅದಕ್ಕೂ ಮುಂಚೆ, 2019ರ ಅಕ್ಟೋಬರಿನಲ್ಲಿ ಆ ಕೋರ್ಟು, ವಕೀಲರ ಮೊದಲ ಎರಡು ನಿಮಿಷ ಸಾಮಾನ್ಯವಾಗಿ ಪ್ರಶ್ನೆ ಕೇಳುವುದಿಲ್ಲ ಎಂದು ತನಗೆ ತಾನೇ ಕಟ್ಟು ಹಾಕಿಕೊಂಡಿತ್ತು. ಬಿಸಿ ಪೀಠದ ತವರೇ ಎರಡು ನಿಮಿಷ ತಣ್ಣಗಾಗಲು ಒಪ್ಪಿತೆಂದರೆ ನಮ್ಮ ಕಾಲೇಜುಗಳು ಅದನ್ನು ನಿಯಮವಾಗಿಯೇ ಬರೆದುಕೊಳ್ಳಬಹುದು. ಬರೆದುಕೊಂಡ ಸ್ಪರ್ಧೆ ನನ್ನ ಕಣ್ಣಿಗೆ ಬಿದ್ದಿಲ್ಲ.

ನ್ಯಾಯದ ಪ್ರಶ್ನೆಯೂ ಇದೆ. ಒಂದು ತಂಡಕ್ಕೆ ಹದಿನೈದು, ಇನ್ನೊಂದಕ್ಕೆ ಮೂರು ಪ್ರಶ್ನೆ ಹಾಕಿ ಇಬ್ಬರನ್ನೂ ಒಂದೇ ಕಾಲಮ್ಮಿನಲ್ಲಿ ತೂಗುವುದು ಹೇಗೆ? ಊಟದ ನಂತರದ ಸುತ್ತಿನಲ್ಲಿ ಪೀಠ ತೂಕಡಿಸುತ್ತದೆ ಎಂಬುದು ಎಲ್ಲ ಹುಡುಗರಿಗೂ ಗೊತ್ತಿರುವ ಗುಟ್ಟು.

ಮೇಷ್ಟರ ಮಾರ್ಗ

ಮೂರನೆಯವರು ಮೇಷ್ಟ್ರುಗಳು. 1870ರಲ್ಲಿ ಹಾರ್ವರ್ಡ್‌ನ ಡೀನ್ ಆದ ಲ್ಯಾಂಗ್‌ಡೆಲ್, ಪಾಠ ಹೇಳುವ ಬದಲು ತೀರ್ಪು ಓದಿಸಿ ಪ್ರಶ್ನೆ ಕೇಳುವ ಕ್ರಮ ತಂದವರು. ಬೆಂಗಳೂರಿನಲ್ಲಿ 1987ರಲ್ಲಿ ಲಾ ಸ್ಕೂಲ್ ಕಟ್ಟಿದ ಎನ್.ಆರ್. ಮಾಧವ ಮೆನನ್ ಪ್ರಾಯೋಗಿಕ ಶಿಕ್ಷಣಕ್ಕೆ ಒತ್ತು ಕೊಟ್ಟರು. ಈ ದಾರಿಯವರಿಗೆ ಪೀಠದ ಪ್ರಶ್ನೆ ಪಾಠದ ಇನ್ನೊಂದು ರೂಪ. ಮೊದಲು ಸಂಗತಿಯ ಪ್ರಶ್ನೆ: ಪಾಳಿ ಎಷ್ಟು ಗಂಟೆಗೆ? ಆಮೇಲೆ ಆಧಾರದ್ದು: ನೀವು ಹೇಳುವ ತೀರ್ಪು ಎಷ್ಟು ಜನರ ಪೀಠದ್ದು? ನಂತರ ತತ್ವದ್ದು: ಗೇಟಿನಿಂದ ಹೊರಗೆ ಚಾಚಿದ ಕೆಲಸದ ಜಾಗ ಎಲ್ಲಿ ನಿಲ್ಲುತ್ತದೆ? ಕೊನೆಗೆ ‘ಒಂದು ವೇಳೆ’. ಮೆಟ್ಟಿಲು ಹತ್ತಿಸಿದಂತೆ ಹತ್ತಿಸಿದರೆ ಅಳುಕುವ ಹುಡುಗನೂ ನಾಲ್ಕನೇ ಮೆಟ್ಟಿಲಲ್ಲಿ ನಿಲ್ಲುತ್ತಾನೆ ಎಂಬುದು ಇವರ ಅನುಭವ. ಹುಡುಗ ತಡವರಿಸಿದಾಗ ‘ಅಂದರೆ ನೀವು ಹೇಳುವುದು ಹೀಗಲ್ಲವೇ?’ ಎಂದು ಕೈ ಚಾಚುವ ಪ್ರಶ್ನೆಯೂ ಇವರ ಬತ್ತಳಿಕೆಯಲ್ಲಿದೆ.

ನಮ್ಮ ವಕೀಲ ಮಿತ್ರರು ಪೀಠದಲ್ಲಿ ಕೂತರೆ ಈ ಮೆಟ್ಟಿಲು ಮುರಿದೇಹೋಗುತ್ತದೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಅರ್ಜಿ ನಿಲ್ಲುತ್ತದೆಯೇ?’ ಇಎಸ್‌ಐ ವಿಮೆ ಇರುವಾಗ ಪರಿಹಾರ ಕಾಯ್ದೆಯಡಿ ಏಕೆ ಬಂದಿರಿ, ಕಾಲಮಿತಿ ಮೀರಿಲ್ಲವೇ, ಗುತ್ತಿಗೆದಾರನನ್ನು ಪಕ್ಷಗಾರ ಮಾಡಿದ್ದೀರಾ. ವೃತ್ತಿಯಲ್ಲಿ ಪೆಟ್ಟು ತಿಂದ ಜಾಗದಲ್ಲೇ ಪ್ರಶ್ನೆ ಹುಟ್ಟುತ್ತದೆ. ಹುಡುಗ ಆರು ವಾರ ಓದಿದ ಮುಖ್ಯ ವಿಷಯಕ್ಕೆ ಬರುವಷ್ಟರಲ್ಲಿ ಟೈಮ್‌ಕೀಪರ್ ‘2 ನಿಮಿಷ’ ಎಂದು ಬರೆದ ರಟ್ಟು ಎತ್ತಿ ಹಿಡಿದಿರುತ್ತಾನೆ.

ಆಟವೇ ತಪ್ಪು ಎಂದ ನ್ಯಾಯಾಧೀಶ

1997ರಲ್ಲಿ ಅಮೆರಿಕದ ಫೆಡರಲ್ ನ್ಯಾಯಾಧೀಶ ಅಲೆಕ್ಸ್ ಕೋಝಿನ್‌ಸ್ಕಿ ಕೊಲಂಬಿಯಾ ಲಾ ರಿವ್ಯೂನಲ್ಲಿ ಮೂಟ್ ಪದ್ಧತಿಯನ್ನೇ ಜಾಲಾಡಿದರು. ನಿಜವಾದ ಪ್ರಕರಣ ಒಂದು ಕಡೆ ವಾಲಿರುತ್ತದೆ. ಮೂಟ್ ಪ್ರಕರಣವನ್ನು ತಕ್ಕಡಿ ಸಮ ನಿಲ್ಲುವಂತೆ ಹೆಣೆದಿರುತ್ತಾರೆ. ನಿಜವಾದ ಕೋರ್ಟಿನಲ್ಲಿ ಗೆಲ್ಲುವುದು ದಾಖಲೆ ಮತ್ತು ಸಂಗತಿ. ಮೂಟ್‌ನಲ್ಲಿ ಸಂಗತಿ ಎರಡು ಹಾಳೆಯಷ್ಟೇ, ಉಳಿದದ್ದೆಲ್ಲ ವಾಗ್ವಿಲಾಸ. ಯಾರ ವಾದ ಸರಿ ಎಂದು ತೀರ್ಮಾನಿಸದೆ ಯಾರು ಚೆಂದ ಮಾತಾಡಿದರು ಎಂದು ಅಂಕ ಹಾಕುವ ಪೀಠದ ಪ್ರಶ್ನೆಗಳಿಗೂ ಗುರಿ ಇರುವುದಿಲ್ಲ ಎಂಬುದು ಅವರ ತಕರಾರಿನ ಸಾರ. ಮರುವರ್ಷ ಮೈಕೆಲ್ ಹರ್ನಾಂಡೆಝ್ ಎಂಬ ಪ್ರಾಧ್ಯಾಪಕರು ಮೂಟ್ ಪರ ಉತ್ತರ ಬರೆದರು.

ಕೋಝಿನ್‌ಸ್ಕಿ ಹೇಳಿದ್ದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ನಿವೃತ್ತ ಜಿಲ್ಲಾ ನ್ಯಾಯಾಧೀಶರು. ‘ದಾಖಲೆಯಲ್ಲಿಲ್ಲ’ ಎಂಬ ಉತ್ತರಕ್ಕೆ ಅವರು 18 ಕೊಟ್ಟದ್ದರ ಹಿಂದೆ ಇದೇ ನಂಬಿಕೆಯಿತ್ತು. ಮೂವತ್ತು ವರ್ಷ ಸಾಕ್ಷಿ ಹೇಳಿಕೆ ಬರೆಸಿಕೊಂಡವರಿಗೆ, ಇಲ್ಲದ ಚಹಾದ ಬಗ್ಗೆ ಇಲ್ಲದ ಉತ್ತರ ಹೊಸೆಯುವ ವಕೀಲ ಜಾಣನಂತೆ ಕಾಣುವುದಿಲ್ಲ, ಅಪಾಯಕಾರಿಯಂತೆ ಕಾಣುತ್ತಾನೆ.

‘ಒಂದು ವೇಳೆ’ಯ ವಂಶಾವಳಿ

ಹಾಗಾದರೆ ನನ್ನ 8 ತಪ್ಪೇ? ಪೂರ್ತಿ ಒಪ್ಪಲಾರೆ. ಟಿಳಕವಾಡಿಯ ಕಾಲೇಜು ನಡೆಸುವ ರಾಷ್ಟ್ರಮಟ್ಟದ ಮೂಟ್ ಸ್ಪರ್ಧೆಗೆ ಎಂ.ಕೆ. ನಂಬಿಯಾರ್ ಅವರ ಹೆಸರಿದೆ. ವೇಣುಗೋಪಾಲರ ತಂದೆ, ಮಂಗಳೂರಿನಲ್ಲಿ ವಕೀಲಿ ಮಾಡಿ ಮುಂದೆ ಮದರಾಸು, ದಿಲ್ಲಿಯ ಕೋರ್ಟುಗಳಲ್ಲಿ ಹೆಸರಾದವರು. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ, ಕಾನೂನು ಹೇಳಿದ ವಿಧಾನ ಅಂದರೆ ನ್ಯಾಯವಾದ ವಿಧಾನವೂ ಆಗಿರಬೇಕು ಎಂದು ವಾದಿಸಿ ಸೋತರು. ಆ ವಾದ 1978ರ ಮನೇಕಾ ಗಾಂಧಿ ತೀರ್ಪಿನಲ್ಲಿ ಗೆದ್ದಿತು.

ಅವರ ಇನ್ನೊಂದು ದೊಡ್ಡ ಪ್ರಕರಣ 1967ರ ಗೋಲಕನಾಥ್. ಅದಕ್ಕೆ ಎರಡು ವರ್ಷ ಮೊದಲು ಡೀಟ್ರಿಚ್ ಕಾನ್ರಾಡ್ ಎಂಬ ಜರ್ಮನ್ ವಿದ್ವಾಂಸರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದ ವಿಚಾರ ನಂಬಿಯಾರರ ಕೈಗೆ ಸಿಕ್ಕಿತ್ತು. ಆ ಭಾಷಣದ ಜೀವವೇ ಕೆಲವು ‘ಒಂದು ವೇಳೆ’ಗಳು. ಒಂದು ವೇಳೆ ತಿದ್ದುಪಡಿ ಮಾಡಿ ಜೀವಿಸುವ ಹಕ್ಕಿನ 21ನೇ ವಿಧಿಯನ್ನೇ ತೆಗೆದುಹಾಕಿದರೆ? ಬಹುಮತ ಕರಗುತ್ತಿರುವ ಪಕ್ಷ, ತಿದ್ದುಪಡಿಯ ಅಧಿಕಾರವನ್ನೇ ಪ್ರಧಾನಿಯ ಸಲಹೆಯಂತೆ ನಡೆಯುವ ರಾಷ್ಟ್ರಪತಿಗೆ ವಹಿಸಿಬಿಟ್ಟರೆ? ದಾಖಲೆಯಲ್ಲಿ ಇವು ಯಾವುವೂ ಇರಲಿಲ್ಲ. ಪಂಜಾಬಿನ ಜಮೀನಿನ ಪ್ರಕರಣ ಅದು. ಆದರೂ ನಂಬಿಯಾರ್ ಆ ಎಳೆ ಹಿಡಿದು ವಾದಿಸಿದರು. ತಿದ್ದುಪಡಿಯ ಅಧಿಕಾರಕ್ಕೂ ಒಂದು ಗೆರೆಯಿದೆ ಎಂಬ ಆ ವಿಚಾರ ಮೂಲ ರಚನೆಯ ಸಿದ್ಧಾಂತವಾಗಿ ನಿಂತದ್ದು ಆರು ವರ್ಷಗಳ ನಂತರ, ಎಡನೀರು ಸ್ವಾಮಿಗಳ ಪ್ರಕರಣದಲ್ಲಿ, 1973ರ ಏಪ್ರಿಲ್ 24ರಂದು.

ಕಲ್ಪಿತ ಪ್ರಶ್ನೆಯನ್ನು ಬಾಲಿಶ ಎಂದು ತಳ್ಳಿಹಾಕುವವರಿಗೆ ನಾನು ಈ ಕತೆ ಹೇಳುತ್ತೇನೆ. ‘ಒಂದು ವೇಳೆ’ ಎನ್ನುವುದು ವಾದವನ್ನು ಅದರ ಅಂಚಿನವರೆಗೆ ಎಳೆದು ನೋಡುವ ಕ್ರಮ. ಹರಿಯುವುದಾದರೆ ಇಲ್ಲೇ ಹರಿಯಲಿ ಎಂದು. ನನ್ನ ಚಹಾದ ಪ್ರಶ್ನೆಯೂ ಆ ಜಾತಿಯದ್ದೇ. ಆಕೆಯ ತತ್ವ ಒಂದು ಕಿಲೋಮೀಟರ್ ಚಾಚಿಕೊಳ್ಳಬಹುದಾದರೆ ಹತ್ತು ನಿಮಿಷವೂ ಚಾಚಿಕೊಳ್ಳುತ್ತದೆಯೇ? ನಾನು ಮಾಡಿದ ತಪ್ಪು ಪ್ರಶ್ನೆಯಲ್ಲಿರಲಿಲ್ಲ. ಇದು ಸಂಗತಿಯ ಪ್ರಶ್ನೆಯಲ್ಲ, ತತ್ವದ ಪ್ರಶ್ನೆ ಎಂದು ಅವಳಿಗೆ ತಿಳಿಸದೆ ಎರಡನೇ ಸಲವೂ ಅದನ್ನೇ ಒದರಿದೆ.

ಯಾವ ಭಾಷೆಯಲ್ಲಿ ಬೆವರುವುದು

ಈ ಚರ್ಚೆಯಲ್ಲಿ ಪರದೇಶದವರಿಗೆ ಕಾಣದ, ನಮಗೆ ದಿನವೂ ಕಾಣುವ ಸಂಗತಿ ಭಾಷೆ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಪೂರ್ತಿ ಕನ್ನಡದಲ್ಲಿ ಬರೆಯಬಹುದು. ತಾಲ್ಲೂಕು, ಜಿಲ್ಲಾ ಕೋರ್ಟಿನ ವ್ಯವಹಾರ ಕನ್ನಡದಲ್ಲಿ ನಡೆಯುತ್ತದೆ. ಖಾನಾಪುರದಲ್ಲಾದರೆ ಕಟಕಟೆಯ ಸಾಕ್ಷಿ ಮರಾಠಿಯಲ್ಲಿ ಹೇಳುತ್ತಾನೆ, ದಾಖಲೆಗೆ ಕನ್ನಡ ಇಳಿಯುತ್ತದೆ, ವಕೀಲ ಓದುವ ತೀರ್ಪು ಇಂಗ್ಲಿಷಿನದು. ಸಂವಿಧಾನದ 348ನೇ ವಿಧಿಯಿಂದಾಗಿ ಹೈಕೋರ್ಟಿನಲ್ಲಿ ಮಾತ್ರ ಇಂಗ್ಲಿಷು. ಆದರೆ ಮೂಟ್ ಸ್ಪರ್ಧೆಗಳು ಬಹುತೇಕ ಹೈಕೋರ್ಟು, ಸುಪ್ರೀಂ ಕೋರ್ಟುಗಳನ್ನೇ ಅಣಕಿಸುತ್ತವೆ.

ಬರೆದು ಕಂಠಪಾಠ ಮಾಡಿದ ಇಂಗ್ಲಿಷನ್ನು ಎಂಥವನೂ ಹೇಳಿಬಿಡುತ್ತಾನೆ. ಪ್ರಶ್ನೆ ಬಂದ ಕ್ಷಣ ಮುಖವಾಡ ಕಳಚುತ್ತದೆ. ಒಬ್ಬ ಹುಡುಗ ಹೀಗೆ ನನ್ನೆದುರು ನಿಂತುಬಿಟ್ಟಿದ್ದ. ಕಿವಿ ಕೆಂಪಾಗಿತ್ತು, ಬೆರಳು ಪುಸ್ತಕದ ಸರಿಯಾದ ಪುಟದ ಮೇಲೇ ಇತ್ತು. ಸತ್ತ ಕಾರ್ಮಿಕ ಯಾರ ಆಳು ಎಂಬ ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ. ಗುತ್ತಿಗೆದಾರ ಹೆಸರಿಗಷ್ಟೇ ಇದ್ದಾನೆ, ಹಾಜರಿ ಹಾಕುವುದು ಕಾರ್ಖಾನೆಯ ಸೂಪರ್‌ವೈಸರ್, ಗೇಟ್‌ಪಾಸ್ ಕೊಡುವುದು ಕಾರ್ಖಾನೆ, ಕೆಲಸ ಹೇಳುವುದೂ ಅವರೇ, ಹಾಗಾಗಿ ಈ ಗುತ್ತಿಗೆ ಕಾಗದದ ಹುಲಿ ಎಂದು ಒಂದೇ ಉಸುರಿಗೆ ಹೇಳಿದ. ಗುತ್ತಿಗೆ ಬರೀ ತೋರಿಕೆಯದಾದರೆ ಮೂಲ ಮಾಲೀಕನೇ ಮಾಲೀಕ ಎಂಬ ತತ್ವಕ್ಕೆ 2001ರ ಸ್ಟೀಲ್ ಅಥಾರಿಟಿ ತೀರ್ಪಿನ ಆಧಾರವನ್ನೂ ಕೊಟ್ಟ. ಅವನ ಅಪ್ಪ ಫೌಂಡ್ರಿಯಲ್ಲಿ ದುಡಿದವನಂತೆ. ಸಂಘಟಕರು ಆಮೇಲೆ ನನ್ನ ಹತ್ತಿರ ಬಂದು, ನಿಯಮದಲ್ಲಿ ಇಂಗ್ಲಿಷ್ ಅಂತ ಇದೆ ಸರ್ ಎಂದು ಮೆಲ್ಲಗೆ ನೆನಪಿಸಿದರು.

ಕನ್ನಡದಲ್ಲೇ ಅಣಕು ನ್ಯಾಯಾಲಯ ಸ್ಪರ್ಧೆ ನಡೆಸಿದ ಕಾಲೇಜುಗಳೂ ರಾಜ್ಯದಲ್ಲಿವೆ. ಅಲ್ಲಿ ಹೊಸ ತೊಡಕು. ಇಂಗ್ಲಿಷಿನಲ್ಲಿ ‘ಗೌರವಪೂರ್ವಕವಾಗಿ ಒಪ್ಪುವುದಿಲ್ಲ’ ಅನ್ನಲು ಸಿದ್ಧ ಸಾಲುಗಳಿವೆ, ಹುಡುಗರು ಗಿಣಿಯಂತೆ ಕಲಿತಿರುತ್ತಾರೆ. ಕನ್ನಡದಲ್ಲಿ ತಂದೆಯ ವಯಸ್ಸಿನವರಿಗೆ ‘ಇಲ್ಲ, ನೀವು ಹೇಳಿದ್ದು ಸರಿಯಲ್ಲ’ ಅನ್ನಲು ನಾಲಿಗೆ ಏಳುವುದಿಲ್ಲ. ‘ಮಾನ್ಯ ನ್ಯಾಯಾಲಯ’ ಅಂದ ಮೇಲೆ ಮುಂದಿನ ಮಾತು ತಂತಾನೇ ಒಪ್ಪಿಗೆಯ ಕಡೆ ಜಾರುತ್ತದೆ. ಮೈಲಾರ್ಡ್ ಅನ್ನಬೇಕಿಲ್ಲ ಎಂದು ವಕೀಲರ ಪರಿಷತ್ತು 2006ರಲ್ಲೇ ಹೇಳಿದ್ದರೂ ಮೂಟ್ ಹಾಲಿನಲ್ಲಿ ಮೈಲಾರ್ಡ್ ಅಳಿಯದೆ ಉಳಿದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಆ ಪದದ ಹಿಂದೆ ನಿಂತು ಹಿರಿಯರಿಗೆ ಎದುರಾಡುವುದು ಸಲೀಸು.

ಇತ್ಯರ್ಥವಾಗದೆ ಉಳಿದವು

ಪ್ರಶ್ನೆಗಳನ್ನು ಮೊದಲೇ ಬರೆದು ಎಲ್ಲ ತಂಡಗಳಿಗೂ ಅವನ್ನೇ ಕೇಳಬೇಕು ಎನ್ನುವವರಿದ್ದಾರೆ. ನ್ಯಾಯ ಹೆಚ್ಚುತ್ತದೆ, ಸಂಭಾಷಣೆ ಸಾಯುತ್ತದೆ. ಮೂರನೇ ಸುತ್ತಿನ ಹೊತ್ತಿಗೆ ಪ್ರಶ್ನೆಗಳು ಹಾಸ್ಟೆಲ್ ತಲುಪಿರುತ್ತವೆ. ‘ಗೊತ್ತಿಲ್ಲ’ ಎಂಬ ನೇರ ಉತ್ತರಕ್ಕೆ ಎಷ್ಟು ಅಂಕ ಎಂಬುದು ಎಲ್ಲೂ ಬರೆದಿಲ್ಲ. ಸೋಲುವ ಅಂಶವನ್ನು ಬಿಟ್ಟುಕೊಟ್ಟು ಉಳಿದದ್ದನ್ನು ಕಾಪಾಡಿಕೊಂಡವನಿಗೆ ನಾನು ಹೆಚ್ಚು ಕೊಡುತ್ತೇನೆ. ಪಕ್ಕದವರು ಕಕ್ಷಿದಾರನನ್ನು ಮಾರಿದ ಎಂದು ಅಂಕ ಕಡಿಯುತ್ತಾರೆ. ಹುಡುಗಿಯರನ್ನು ಹೆಚ್ಚು ತಡೆಯಲಾಗುತ್ತದೆಯೇ ಎಂಬುದನ್ನು ಯಾರಾದರೂ ಲೆಕ್ಕ ಹಾಕಬೇಕು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮಹಿಳಾ ನ್ಯಾಯಮೂರ್ತಿಗಳ ಮಾತನ್ನೇ ಹೆಚ್ಚು ಕತ್ತರಿಸಲಾಗುತ್ತದೆ ಎಂದು ಜಾಕೋಬಿ ಮತ್ತು ಶ್ವೀರ್ಸ್ ಎಂಬ ಸಂಶೋಧಕರು 2017ರಲ್ಲಿ ತೋರಿಸಿದರು. ಪೀಠದಲ್ಲಿ ಕೂತವರ ಗತಿಯೇ ಅದಾದರೆ ಎದುರು ನಿಂತ ಇಪ್ಪತ್ತರ ಹುಡುಗಿಯದ್ದೇನು? ಈಗಿನ ಹುಡುಗರು ಯಂತ್ರದೆದುರು ಕೂತು ಅದರಿಂದ ಪ್ರಶ್ನೆ ಹಾಕಿಸಿಕೊಂಡು ತಾಲೀಮು ಮಾಡುತ್ತಾರೆ. ಕರ್ನಾಟಕ ಹೈಕೋರ್ಟು 2021ರಲ್ಲಿ, ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ಕಲಾಪವನ್ನು ನೇರ ಪ್ರಸಾರ ಮಾಡತೊಡಗಿದ ಮೇಲೆ ನಿಜವಾದ ನ್ಯಾಯಮೂರ್ತಿಗಳು ಹೇಗೆ ಕೇಳುತ್ತಾರೆ ಎಂಬುದನ್ನು ಅವರು ನನಗಿಂತ ಹೆಚ್ಚು ನೋಡಿದ್ದಾರೆ. ಮೂಟ್ ಪೀಠದ ನಾಟಕ ಅವರಿಗೆ ಬೇಗ ತಿಳಿಯುತ್ತದೆ.

ಕೊನೆಗೆ ಬೆಂಚ್ ಮೆಮೋದ ವಿಷಯ. ನಮ್ಮ ಪ್ರಕರಣದ ಮೆಮೋದಲ್ಲಿ 1996ರ ಫ್ರಾನ್ಸಿಸ್ ಡಿ’ಕೋಸ್ಟಾ ತೀರ್ಪು ದಪ್ಪಕ್ಷರದಲ್ಲಿತ್ತು. ಅಲ್ಲಿಯೂ ಕಾರ್ಮಿಕ ಸೈಕಲ್ಲಿನಲ್ಲಿ ಪಾಳಿಗೆ ಹೋಗುತ್ತಿದ್ದ, ಪಾಳಿಗೆ ಕಾಲು ಗಂಟೆ ಬಾಕಿಯಿತ್ತು, ಕಾರ್ಖಾನೆ ಒಂದು ಕಿಲೋಮೀಟರ್ ದೂರವಿತ್ತು, ಲಾರಿ ಬಡಿಯಿತು. ಇದು ಉದ್ಯೋಗದ ಗಾಯವಲ್ಲ ಎಂದಿತು ಸುಪ್ರೀಂ ಕೋರ್ಟು. 2010ರಲ್ಲಿ ಇಎಸ್‌ಐ ಕಾಯ್ದೆಗೆ 51-ಇ ಕಲಮು ಸೇರಿ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಒಳಗೆ ಬಂತು. 2025ರ ಜುಲೈನಲ್ಲಿ, ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬನ ಪ್ರಕರಣದಲ್ಲಿ, ನೌಕರರ ಪರಿಹಾರ ಕಾಯ್ದೆಯನ್ನೂ ಹಾಗೆಯೇ ಓದಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಅಪಘಾತದ ಸಂದರ್ಭ, ಸಮಯ, ಜಾಗಕ್ಕೂ ಕೆಲಸಕ್ಕೂ ನಂಟು ತೋರಿಸಬೇಕು, ಅಷ್ಟೆ. ಅಂದು ನಾವು ಮೂವರೂ ಸರಿಯುತ್ತರ ಎಂದು ಕೈಯಲ್ಲಿ ಹಿಡಿದಿದ್ದ ಕಾಗದ ಹಳತಾಯಿತು.

ಅದೇ ಕಾಲೇಜಿನವರು ಈ ವರ್ಷ ಅದೇ ಪ್ರಕರಣವನ್ನು ಮತ್ತೆ ಇಡುವ ಯೋಚನೆಯಲ್ಲಿದ್ದಾರೆ. ಮೆಮೋ ಹೊಸದಾಗಿ ಬರೆಯಬೇಕು, ಬರೆಯುವ ಕೆಲಸ ನನಗೆ ಬಂದಿದೆ. ಪೀರನವಾಡಿಯಲ್ಲಿ ಬೈಕು ನಿಲ್ಲಿಸಿ ಹತ್ತು ನಿಮಿಷ ಚಹಾ ಕುಡಿದರೆ ಆ ನಂಟು ಕಡಿಯುತ್ತದೆಯೇ ಎಂಬ ಪ್ರಶ್ನೆಯನ್ನು ಈ ಸಲ ಮೊದಲೇ ಸಂಗತಿಯ ಹಾಳೆಯಲ್ಲಿ ಸೇರಿಸಿದ್ದೇನೆ. ಮೆಮೋದಲ್ಲಿ ಅದರ ಎದುರಿನ ‘ನಿರೀಕ್ಷಿತ ಉತ್ತರ’ ಎಂಬ ಜಾಗ ಇನ್ನೂ ಖಾಲಿಯಿದೆ.